ಜಿಡಿಪಿ, ಮಾನವ ಅಭಿವೃದ್ಧಿ ಸೂಚ್ಯಂಕ, ಎಸ್‌ಡಿಜಿ ಸೂಚ್ಯಂಕ: ಯಾವಾಗ ಯಾವುದು?

ಸುಸ್ಥಿರ ಅಭಿವೃದ್ಧಿಯಲ್ಲಿ ಭಾರತದ ಪ್ರಗತಿಯ ಬಗ್ಗೆ ಪ್ರಬಂಧ ಬರೆಯಲು ಯಾವ ಅಳತೆ ಹಿಡಿಯಲಿ ಎಂದು ಕೇಳಿದ್ದೀರಿ. ನಿಮ್ಮ ಪ್ರಶ್ನೆ ಏನು ಎಂಬುದರ ಮೇಲೆ ಉತ್ತರ ನಿಂತಿದೆ.

ಅಂಕಿ ಬೇಗ ಬೇಕಿದ್ದರೆ ಜಿಡಿಪಿ, ಅಂದರೆ ದೇಶದಲ್ಲಿ ಉತ್ಪಾದನೆಯಾದ ಸರಕು-ಸೇವೆಗಳ ಒಟ್ಟು ಮೌಲ್ಯ; ಮೂರು ತಿಂಗಳಿಗೊಮ್ಮೆ ಸಿಗುತ್ತದೆ. ಆದರೆ ಕಾಡು ಕಡಿದು ಮರ ಮಾರಿದರೂ ಅದು ಏರುತ್ತದೆ, ಹೋದ ಕಾಡನ್ನು ಕಳೆಯುವುದಿಲ್ಲ. ಸುಸ್ಥಿರತೆಗೆ ಇದೊಂದನ್ನೇ ನಂಬಬೇಡಿ.

ದೇಶ ದೇಶಗಳ ಹೋಲಿಕೆಗೆ 1990ರಿಂದ ಬರುತ್ತಿರುವ ಮಾನವ ಅಭಿವೃದ್ಧಿ ಸೂಚ್ಯಂಕ ಸರಳ: ಆಯಸ್ಸು, ಶಿಕ್ಷಣ, ಆದಾಯ, ಅಷ್ಟೇ. ಪರಿಸರ ಇದರಲ್ಲಿಲ್ಲ. ಆ ಕೊರತೆ ತುಂಬಲು ವಿಶ್ವಸಂಸ್ಥೆಯ 2020ರ ಮಾನವ ಅಭಿವೃದ್ಧಿ ವರದಿ ತಲಾ ಇಂಗಾಲ ಹೊರಸೂಸುವಿಕೆ ಮತ್ತು ಸಂಪನ್ಮೂಲ ಬಳಕೆಯನ್ನು ಲೆಕ್ಕಕ್ಕೆ ತಂದಾಗ, ಮೊದಲ ಸ್ಥಾನದ ನಾರ್ವೆ 15 ಸ್ಥಾನ ಕೆಳಗಿಳಿಯಿತು. ಶ್ರೀಮಂತ ದೇಶಗಳ ಹೊಣೆಯ ಬಗ್ಗೆ ಬರೆಯುವವರು ಈ ಆವೃತ್ತಿಯನ್ನು ಬಿಡಲೇಬಾರದು.

ರಾಜ್ಯಗಳನ್ನು ನೋಡುವುದಾದರೆ ಕೇಂದ್ರ ಸರ್ಕಾರದ ಚಿಂತನ ಸಂಸ್ಥೆಯಾದ ನೀತಿ ಆಯೋಗದ ಎಸ್‌ಡಿಜಿ (ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳು) ಸೂಚ್ಯಂಕಕ್ಕೆ ಸಾಟಿಯಿಲ್ಲ. ನೀರು, ಲಿಂಗ ಸಮಾನತೆ, ಹವಾಮಾನ ಎಂದು ಗುರಿವಾರು ಅಂಕ ಸಿಗುತ್ತದೆ. 2023-24ರಲ್ಲಿ ನೂರಕ್ಕೆ ದೇಶಕ್ಕೆ 71, ಕರ್ನಾಟಕಕ್ಕೆ 75, ಬಿಹಾರಕ್ಕೆ 57. ಎಚ್ಚರಿಕೆ ಬೇಕಾದ್ದು ವರ್ಷಗಳ ಹೋಲಿಕೆಯಲ್ಲಿ: 2018ರಲ್ಲಿ ದೇಶಕ್ಕೆ 57 ಅಂಕ ಬಂದದ್ದು 62 ಸೂಚಕಗಳಿಂದ (ಅಳೆದ ಅಂಶಗಳಿಂದ), 2023-24ರ 71 ಬಂದದ್ದು 113ರಿಂದ. ಆ 14 ಅಂಕಗಳನ್ನೆಲ್ಲ ಪ್ರಗತಿ ಎನ್ನಲಾಗದು. ಒಟ್ಟು ಅಂಕವನ್ನು ಬದಿಗಿಟ್ಟು, ಎರಡೂ ಆವೃತ್ತಿಗಳಲ್ಲಿರುವ ಒಂದೆರಡು ಸೂಚಕಗಳನ್ನೇ ಹಿಡಿದು ಬರೆಯಿರಿ.