ನಮ್ಮ ಮದುವೆಗೆ ಪುರೋಹಿತರ ಪತ್ರ ಹುಟ್ಟಿಸಿದ ಏಜೆಂಟ್: ಕೊಡಗಿನವರು ಎಚ್ಚರ

ಕೆನಡಾದಲ್ಲಿರುವ ಗಂಡನ ಬಳಿಗೆ ಹೋಗಲು ಅರ್ಜಿ ಹಾಕುತ್ತಿರುವ ಕೊಡಗಿನ ಹೆಣ್ಣುಮಕ್ಕಳೇ, ಅವರ ಮನೆಯವರೇ, ದಯವಿಟ್ಟು ಇದನ್ನು ಪೂರ್ತಿ ಓದಿ. ಬರೆಯಲು ನಾಚಿಕೆಯಾಗುತ್ತಿದೆ. ಎಂ.ಕಾಂ. ಓದಿದ ನಾನು ತುಂಬದ ನಮೂನೆಗಳಿಗೆ ಸಹಿ ಹಾಕಿ ಬಂದಿದ್ದೇನೆ.

ನಮ್ಮದು ಮನೆಯವರು ನೋಡಿ ಮಾಡಿದ ಮದುವೆ. ಗೋಣಿಕೊಪ್ಪದಲ್ಲಿ ಆಯಿತು, ವಿರಾಜಪೇಟೆಯಲ್ಲಿ ನೋಂದಣಿಯೂ ಆಯಿತು. ಗಂಡ ರಜೆ ಮುಗಿಸಿ ಹೊರಟ ಮೇಲೆ ದಾಖಲೆ ಕೂಡಿಸುವ ಕೆಲಸ ನನ್ನ ಪಾಲಿಗೆ ಬಂತು. ಇದು ವೀಸಾಕ್ಕಾಗಿ ಮಾಡಿಕೊಂಡ ಮದುವೆಯಲ್ಲ, ನಿಜವಾದ ಸಂಬಂಧ ಎಂದು ತೋರಿಸಬೇಕಲ್ಲ. ಪರಿಚಯದವರ ಮಾತು ಕೇಳಿ ಅಪ್ಪ ಮತ್ತು ನಾನು ಮೈಸೂರಿನ ಒಬ್ಬ ಏಜೆಂಟ್ ಬಳಿ ಹೋದೆವು. 80,000 ರೂಪಾಯಿ. ಮುಂಗಡವಾಗಿ, ನಗದಾಗಿ, ರಸೀದಿ ಇಲ್ಲದೆ.

ಆತ ಆಲ್ಬಂ ತಿರುವಿ ಹಾಕಿ ಕೇಳಿದ: "ತಾಳಿ ಕಟ್ಟುವ ಫೋಟೋ ಎಲ್ಲಿ ಮೇಡಂ?"

ನಮ್ಮ ಕೊಡವರಲ್ಲಿ ವಧುವಿಗೆ ಪತ್ತಾಕ್, ಅಂದರೆ ತಾಳಿಯಂಥ ಚಿನ್ನದ ಪದಕ, ಕಟ್ಟುವುದು ತಾಯಿ ಎಂದೆ. ಹಿರಿಯರು ಅಕ್ಕಿ ಹಾಕಿ ಹರಸುತ್ತಾರೆ, ಕಿಂಡಿಯಿಂದ (ಮೂತಿ ಇರುವ ಚಿಕ್ಕ ಪಾತ್ರೆ) ಹಾಲು ಕುಡಿಸುತ್ತಾರೆ, ಎರಡೂ ಕಡೆಯ ಅರುವರು, ಅಂದರೆ ಮನೆತನದ ಪರವಾಗಿ ನಿಲ್ಲುವ ಹಿರಿಯರು, ನಿಂತು ವಧುವಿಗೆ ಗಂಡನ ಮನೆಯ ಹಕ್ಕು ಕೊಡಿಸುವ 'ಸಂಬಂಧ ಅಡ್ಕುವ' ಶಾಸ್ತ್ರ ನಡೆಸುತ್ತಾರೆ ಎಂದು ಅಪ್ಪ ಒಂದೊಂದೇ ಫೋಟೋ ತೋರಿಸಿ ವಿವರಿಸಿದರು. ಆತ ಕೈಯಾಡಿಸಿಬಿಟ್ಟ. "ಹೋಮ ಇಲ್ಲ, ಸಪ್ತಪದಿ ಇಲ್ಲ, ಪುರೋಹಿತರೂ ಇಲ್ಲ. ಅಲ್ಲಿನ ಅಧಿಕಾರಿ ಇದನ್ನು ಮದುವೆ ಅನ್ನುವುದಿಲ್ಲ ಸರ್. ಚಿಂತೆ ಬಿಡಿ, ನಾನು ಸರಿ ಮಾಡುತ್ತೇನೆ."

ಅಪ್ಪ ಆಲ್ಬಂ ಮುಚ್ಚಿದರು. ಆಗಲೇ ನಾವು ಎದ್ದು ಬರಬೇಕಿತ್ತು. ಬರಲಿಲ್ಲ. ಸಹಿ ಹಾಕಿದೆ.

ಕೆಲವು ತಿಂಗಳ ನಂತರ ಕೆನಡಾದ ವಲಸೆ ಅಧಿಕಾರಿಯಿಂದ ಪತ್ರ ಬಂತು. ಒಂದೇ ದಿನ ಎರಡು ಊರುಗಳಲ್ಲಿ ಮದುವೆಯಾದ ಬಗ್ಗೆ ವಿವರಣೆ ಕೊಡಿ ಎಂದು. ನನಗೆ ತಲೆಬುಡ ತಿಳಿಯಲಿಲ್ಲ. ಅರ್ಜಿಯ ಖಾತೆ ನನ್ನ ಹೆಸರಿನದು, ಪಾಸ್‌ವರ್ಡ್ ಆತನ ಬಳಿ. ಕಾಡಿ ಬೇಡಿ ಅದನ್ನು ಪಡೆದು ತೆರೆದು ನೋಡಿದರೆ ಪುರೋಹಿತರೊಬ್ಬರ ಹೆಸರಿನ ಪ್ರಮಾಣಪತ್ರ! ಗೋಣಿಕೊಪ್ಪದ ಮಂಟಪದಲ್ಲಿ ಅವ್ವ ನನಗೆ ಪತ್ತಾಕ್ ಕಟ್ಟಿದ ಅದೇ ದಿನ, ನಾನು ಮೈಸೂರಿನ ದೇವಸ್ಥಾನವೊಂದರಲ್ಲಿ ಸಪ್ತಪದಿ ತುಳಿದೆನಂತೆ. ಆ ದೇವಸ್ಥಾನವನ್ನು ನಾನು ಕಂಡೇ ಇಲ್ಲ. ಅವ್ವನ ಫೋಟೋ, ಅರುವರ ಫೋಟೋ, ಒಂದನ್ನೂ ಆತ ಹಾಕಿರಲಿಲ್ಲ. ನಿಜವನ್ನೆಲ್ಲ ತೆಗೆದು ಸುಳ್ಳನ್ನು ಇಟ್ಟಿದ್ದ.

ಫೋನ್ ಮಾಡಿದೆ. "ಇಂಥ ಪತ್ರ ಎಲ್ಲರಿಗೂ ಬರುತ್ತದೆ ಮೇಡಂ." ಸುಳ್ಳು ಪತ್ರ ಯಾಕೆ ಹಾಕಿದಿರಿ ಎಂದೆ. "ಸಹಿ ನಿಮ್ಮದೇ ಅಲ್ಲವೇ?" ನೀವು ತಾನೇ ಅರ್ಜಿ ಹಾಕಿದ್ದು ಎಂದು ಕೂಗಿದೆ. ಆತ ದನಿ ಏರಿಸದೆ ಹೇಳಿದ: "ಇಡೀ ಅರ್ಜಿಯಲ್ಲಿ ನನ್ನ ಹೆಸರು ಎಲ್ಲಿದೆ, ತೋರಿಸಿ."

ಎಲ್ಲಿಯೂ ಇರಲಿಲ್ಲ. ಪ್ರತಿನಿಧಿಯನ್ನು ನೇಮಿಸಿಕೊಂಡರೆ ಐಎಂಎಂ 5476 ಎಂಬ ನಮೂನೆ ಸಲ್ಲಿಸಬೇಕು. ಆತ ಅದನ್ನು ಕೊಟ್ಟೇ ಇರಲಿಲ್ಲ. ಕಾಗದದ ಮೇಲೆ ಸುಳ್ಳು ಹೇಳಿದವಳು ನಾನೊಬ್ಬಳೇ. ತಪ್ಪು ಮಾಹಿತಿ ಕೊಟ್ಟಿದ್ದಾರೆ ಎಂದು ತೀರ್ಮಾನವಾದರೆ 5 ವರ್ಷ ಕೆನಡಾ ಪ್ರವೇಶಕ್ಕೆ ನಿಷೇಧ. ಏಜೆಂಟ್ ಮಾಡಿದ್ದು ಎಂದರೂ ಹೊಣೆ ಅರ್ಜಿದಾರರದ್ದೇ.

ಹೆಚ್ಚು ಉರಿಯುವುದು ಇದಕ್ಕೆ: ಆ ಪತ್ರದ ಅಗತ್ಯವೇ ಇರಲಿಲ್ಲ! 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ವಧು ಅಥವಾ ವರನ ಕಡೆಯ ಸಂಪ್ರದಾಯದಂತೆ ಮದುವೆ ನಡೆದರೆ ಸಾಕು. ಸಪ್ತಪದಿ ಇರುವುದು ಆ ಪದ್ಧತಿ ಇದ್ದವರಿಗೆ. ನಮ್ಮ ಮದುವೆ ಯಾರ ಮದುವೆಗೂ ಕಡಿಮೆಯಲ್ಲ.

ಹಣ ಪಡೆದು ಇಂಥ ಅರ್ಜಿ ನಡೆಸಲು ಕೆನಡಾದ ವಕೀಲರು, ಅಲ್ಲಿನ ವಲಸೆ ಸಲಹೆಗಾರರ ಕಾಲೇಜಿನ (ಸಲಹೆಗಾರರ ಮೇಲ್ವಿಚಾರಣೆ ಮಾಡುವ ಸಂಸ್ಥೆ) ಪರವಾನಗಿ ಇರುವವರಂಥ ಕೆಲವರಿಗೆ ಮಾತ್ರ ಅನುಮತಿ. ಪರವಾನಗಿ ಇರುವವರ ಪಟ್ಟಿಯಲ್ಲಿ ಹೆಸರು ಹುಡುಕಿ ನೋಡಿ. ಪಾಸ್‌ವರ್ಡ್ ನಿಮ್ಮ ಕೈಯಲ್ಲೇ ಇರಲಿ. ಓದದೆ ಸಹಿ ಹಾಕಬೇಡಿ, ತುಂಬದ ಹಾಳೆಗಂತೂ ಬೇಡವೇ ಬೇಡ. ಯಾರಾದರೂ "ತಾಳಿ ಫೋಟೋ ಎಲ್ಲಿ" ಎಂದು ಕೇಳಿ ಮುಖ ಸಿಂಡರಿಸಿದರೆ ಆಲ್ಬಂ ಎತ್ತಿಕೊಂಡು ಹೊರಗೆ ಬನ್ನಿ.

ಈಗ ನಾನು ಮತ್ತು ಗಂಡ ಸೇರಿ ನಡೆದದ್ದನ್ನು ನಡೆದ ಹಾಗೆಯೇ ಬರೆದು ಕಳುಹಿಸಿದ್ದೇವೆ. ಜೊತೆಗೆ ಪತ್ತಾಕ್ ಕಟ್ಟುತ್ತಿರುವ ಅವ್ವನ ಫೋಟೋ, ಮಂಟಪದ ರಸೀದಿ, ಗಂಡನ ವಿಮಾನದ ಟಿಕೆಟ್, ಎರಡೂ ಕಡೆಯ ಅರುವರ ಪತ್ರ. ಉತ್ತರ ಇನ್ನೂ ಬಂದಿಲ್ಲ. ಏಜೆಂಟ್ ನನ್ನ ಕರೆ ಸ್ವೀಕರಿಸುತ್ತಿಲ್ಲ.