ಕಣ್ಣಿನ ಚಿತ್ರದಲ್ಲಿ ಕಂಡ ನರ: ಶಿವಮೊಗ್ಗದಲ್ಲಿ ಮಾಡಿಸಿದ ಒಂದು ಪರೀಕ್ಷೆ

ಕಳೆದ ಮಳೆಗಾಲದ ಒಂದು ಸಂಜೆ ತೋಟದಿಂದ ಬಂದ ಅಪ್ಪಯ್ಯ ಬಚ್ಚಲ ಹಂಡೆಯ ನೀರನ್ನು ತೋಡಿ ಕಾಲಿಗೆ ಹೊಯ್ದುಕೊಂಡರು. ಆ ನೀರು ಕಾಲು ಸುಡುವಷ್ಟು ಕಾದಿತ್ತೆಂದು ಅವರಿಗೆ ತಿಳಿದದ್ದು ಮರುದಿನ ಬೆಳಿಗ್ಗೆ, ಎಡಪಾದದ ಮೇಲೆ ಎದ್ದಿದ್ದ ಬೊಬ್ಬೆಯನ್ನು ಅಮ್ಮ ನೋಡಿ ಕೇಳಿದಾಗ. ‘ನೋವೇ ಇಲ್ಲ, ಅದೊಂದು ದೊಡ್ಡ ವಿಷಯವಾ’ ಎಂದು ಅವರು ಮತ್ತೆ ತೋಟಕ್ಕೆ ಹೊರಟಿದ್ದರು. ಹದಿನಾಲ್ಕು ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವವರಿಗೆ ನೋವು ಇಲ್ಲದಿರುವುದೇ ತೊಂದರೆ ಎಂದು ಒಪ್ಪಿಸುವುದಕ್ಕೆ ನಮಗೆ ಎರಡು ವಾರ ಹಿಡಿಯಿತು.

ಆ ಬಳಿಕ ಅವರನ್ನು ಶಿವಮೊಗ್ಗದ ಒಂದು ಖಾಸಗಿ ಕಣ್ಣಿನ ಚಿಕಿತ್ಸಾಲಯಕ್ಕೆ ಕರೆದುಕೊಂಡು ಹೋದೆ. ಕೆಳಗೆ ದೂರುಗಳೂ ಇರುವುದರಿಂದ ಅದರ ಹೆಸರನ್ನು ಬರೆಯುತ್ತಿಲ್ಲ. ವರ್ಷಕ್ಕೊಮ್ಮೆ ಮಾಡಿಸಬೇಕಾದ, ಕಣ್ಣಿನ ಹಿಂಭಾಗದ ಪದರವಾದ ಅಕ್ಷಿಪಟಲದ ಪರೀಕ್ಷೆಗೆಂದು ಹೋದವರಿಗೆ ಅಲ್ಲಿ ಇನ್ನೊಂದು ಪರೀಕ್ಷೆಯ ವಿಷಯ ತಿಳಿಯಿತು. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ನರಗಳ ಚಿತ್ರ ತೆಗೆದು, ದೇಹದ ಸಣ್ಣ ನರಗಳ ಸ್ಥಿತಿಯನ್ನು ಅಂದಾಜು ಮಾಡುವ ಕಾರ್ನಿಯಲ್ ಕಾನ್‌ಫೋಕಲ್ ಮೈಕ್ರೋಸ್ಕೋಪಿ ಅದು. ಪಾದದ ತೊಂದರೆಗೆ ಕಣ್ಣನ್ನು ನೋಡುವುದೆಂದರೆ ಅಪ್ಪಯ್ಯನಿಗೆ ತಮಾಷೆಯಾಗಿ ಕಂಡಿತು. ನಿಜ ಹೇಳಬೇಕೆಂದರೆ, ಮೊದಲಿಗೆ ನನಗೂ ಹಾಗೆಯೇ ಅನ್ನಿಸಿತ್ತು.

ಆದರೆ ಇದರ ಹಿಂದಿನ ತರ್ಕ ಗಟ್ಟಿಯಾಗಿದೆ. ಬಿಸಿ, ತಂಪು ಮತ್ತು ನೋವನ್ನು ಒಯ್ಯುವ ಸಣ್ಣ ನರತಂತುಗಳು ಸಕ್ಕರೆ ಕಾಯಿಲೆಯಲ್ಲಿ ಬಹಳ ಬೇಗ ಹಾಳಾಗತೊಡಗುತ್ತವೆ. ನರಗಳಲ್ಲಿ ವಿದ್ಯುತ್ ಹರಿಯುವ ವೇಗವನ್ನು ಅಳೆಯುವ ಸಾಮಾನ್ಯ ಪರೀಕ್ಷೆ ದಪ್ಪ ನರಗಳನ್ನಷ್ಟೇ ಹಿಡಿಯುವುದರಿಂದ, ಈ ಹಂತದಲ್ಲಿ ಅದು ‘ಎಲ್ಲವೂ ಸರಿಯಿದೆ’ ಎಂದು ಹೇಳಿಬಿಡಬಹುದು. ಸಣ್ಣ ತಂತುಗಳನ್ನು ಕಣ್ಣಾರೆ ನೋಡಬೇಕೆಂದರೆ ಕಾಲಿನ ಚರ್ಮದಿಂದ ಸುಮಾರು 3 ಮಿಲಿಮೀಟರ್ ಅಗಲದ ಚೂರನ್ನು ಕೊರೆದು ತೆಗೆಯಬೇಕು. ಗಾಯ ಮಾಯಲು ತಡವಾಗುವ ರೋಗಿಗೆ ಅದನ್ನು ಮತ್ತೆ ಮತ್ತೆ ಮಾಡಲಾಗದು. ಕಾರ್ನಿಯಾದಲ್ಲಾದರೋ ಅಂಥದೇ ಸಣ್ಣ ನರಗಳು ದೇಹದ ಬೇರೆಲ್ಲೂ ಇಲ್ಲದಷ್ಟು ದಟ್ಟವಾಗಿ ಹರಡಿಕೊಂಡಿದ್ದು, ಪದರ ಪಾರದರ್ಶಕವಾಗಿರುವ ಕಾರಣ ಏನನ್ನೂ ಕೊಯ್ಯದೆ ಅವನ್ನು ನೋಡಬಹುದು. ಡಾ. ರಯಾಜ್ ಮಲಿಕ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಈಚೆಗೆ ಈ ವಿಧಾನದ ಮೇಲೆ ಸಾಕಷ್ಟು ಕೆಲಸ ನಡೆದಿದೆ. ಮೇದೋಜೀರಕ ಗ್ರಂಥಿ ಮತ್ತು ಮೂತ್ರಪಿಂಡಗಳ ಕಸಿಯ ನಂತರ ಕೆಲವರ ಕಾರ್ನಿಯಾದಲ್ಲಿ ನರಗಳು ಮತ್ತೆ ಚಿಗುರಿದ್ದನ್ನೂ ಇದೇ ವಿಧಾನದಿಂದ ಕಂಡಿದ್ದಾರೆ.

ಪರೀಕ್ಷೆಯನ್ನು ನಡೆಸಿದ ರೀತಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಕಣ್ಣು ಮರಗಟ್ಟುವಂತೆ ಒಂದು ಹನಿ ಔಷಧ ಬಿಟ್ಟು, ಯಂತ್ರದ ತುದಿಗೆ ಹೊಸ ಪ್ಲಾಸ್ಟಿಕ್ ಟೋಪಿಯನ್ನು ನಮ್ಮೆದುರೇ ಪೊಟ್ಟಣ ಒಡೆದು ಹಾಕಿ, ಅದಕ್ಕೆ ಲೋಳೆಯಂಥ ಜೆಲ್ ಸವರಿದರು. ಆ ತುದಿ ಕಣ್ಣನ್ನು ನೇರವಾಗಿ ಮುಟ್ಟುತ್ತದೆ ಎಂಬುದನ್ನು ತಂತ್ರಜ್ಞೆ ಮೊದಲೇ ಹೇಳಿದ್ದರಿಂದ ಅಪ್ಪಯ್ಯ ಬೆಚ್ಚಲಿಲ್ಲ. ‘ಅಜ್ಜಾ, ಆಚೆಯ ದೀಪವನ್ನೇ ನೋಡ್ತಾ ಇರಿ, ಉಸಿರು ಬಿಗಿ ಹಿಡೀಬೇಡಿ’ ಎಂದು ಆಕೆ ಹೇಳುತ್ತಲೇ ಇದ್ದರು. ಎರಡೂ ಕಣ್ಣು ಸೇರಿ ಹತ್ತು ನಿಮಿಷವೂ ಆಗಲಿಲ್ಲ.

ಪರದೆಯ ಮೇಲೆ ಬಂದ ಚಿತ್ರಗಳು ಒಂದೊಂದೂ ಕಾರ್ನಿಯಾದ 0.4 ಮಿಲಿಮೀಟರ್ ಉದ್ದ, ಅಷ್ಟೇ ಅಗಲದ ಚೌಕ. ಹೋಲಿಕೆಗೆಂದು ಗೋಡೆಗೆ ಅಂಟಿಸಿದ್ದ ಆರೋಗ್ಯವಂತರ ಚಿತ್ರದಲ್ಲಿ, ಅಡಿಕೆ ಹಾಳೆಯನ್ನು ಬೆಳಕಿಗೆ ಹಿಡಿದಾಗ ಕಾಣುವ ಎಳೆಗಳ ಹಾಗೆ, ಕಪ್ಪಿನ ಮೇಲೆ ಬಿಳಿಯ ಗೆರೆಗಳು ಒತ್ತೊತ್ತಾಗಿ ಸಾಲು ಹಿಡಿದಿದ್ದವು. ಅಪ್ಪಯ್ಯನ ಚಿತ್ರದಲ್ಲಿ ಅಂಥ ಗೆರೆಗಳು ಎರಡೋ ಮೂರೋ ಇದ್ದವು. ಅವೂ ಸಪೂರ, ಕವಲುಗಳಂತೂ ಇಲ್ಲವೆನ್ನುವಷ್ಟು ಕಡಿಮೆ. ಅವರು ಸ್ವಲ್ಪ ಹೊತ್ತು ನೋಡಿ, ‘ಸಾಲಿನಲ್ಲಿ ಮರ ಹೋದ ತೋಟದ ಹಾಗಿದೆಯಲ್ಲ’ ಎಂದರು. ವೈದ್ಯರಿಗಿಂತ ಚೆನ್ನಾಗಿ ಅವರೇ ವಿವರಿಸಿಬಿಟ್ಟರು ಎಂದು ನನಗನ್ನಿಸಿತು. ಅದೇ ದಿನ ತೆಗೆದ ಅಕ್ಷಿಪಟಲದ ಚಿತ್ರದಲ್ಲಿ ಯಾವ ದೋಷವೂ ಇರಲಿಲ್ಲ. ಅಕ್ಷಿಪಟಲ ಚೆನ್ನಾಗಿದ್ದರೆ ನರಗಳೂ ಚೆನ್ನಾಗಿವೆ ಎಂದು ತಿಳಿಯುವುದು ತಪ್ಪೆಂದು ನಮಗೆ ಹೀಗೆ ಗೊತ್ತಾಯಿತು.

ಇನ್ನು ದೂರುಗಳು. ಶುಲ್ಕ ಎಷ್ಟೆಂದು ಪರೀಕ್ಷೆ ಮುಗಿದ ಮೇಲೆ ಹೇಳಿದರು, ಅದೂ ಅಕ್ಷಿಪಟಲದ ಪರೀಕ್ಷೆಯ ಶುಲ್ಕಕ್ಕಿಂತ ಬೇರೆಯಾಗಿ. ಮಂಡಗದ್ದೆಯ ಆಚೆಯಿಂದ ಬಸ್ಸಿನಲ್ಲಿ ಬರುವವರು ಜೇಬು ನೋಡಿಕೊಂಡೇ ಬರುತ್ತಾರೆಂಬುದನ್ನು ಅವರು ನೆನಪಿಡಬೇಕಿತ್ತು. ವರದಿಯಲ್ಲಿ ಚದರ ಮಿಲಿಮೀಟರಿಗೆ ಎಷ್ಟು ನರ, ಎಷ್ಟು ಕವಲು, ಒಟ್ಟು ಉದ್ದ ಎಷ್ಟು ಎಂಬ ಅಂಕಿಗಳನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿ ಕೊಟ್ಟರೇ ಹೊರತು, ಅವುಗಳ ಅರ್ಥವನ್ನು ಕೂರಿಸಿಕೊಂಡು ಹೇಳುವವರು ಯಾರೂ ಇರಲಿಲ್ಲ. ನನಗೆ ಎಲ್ಲಕ್ಕಿಂತ ಸಿಟ್ಟು ತರಿಸಿದ ಸಂಗತಿ ಬೇರೆಯದು. ಬೊಬ್ಬೆಯ ಕಥೆಯನ್ನು ನಾನು ಎರಡು ಸಲ ಹೇಳಿದರೂ, ಅಲ್ಲಿದ್ದ ನಾಲ್ಕು ಗಂಟೆಗಳಲ್ಲಿ ಅಪ್ಪಯ್ಯನ ಪಾದವನ್ನು ಒಬ್ಬರೂ ಬಗ್ಗಿ ನೋಡಲಿಲ್ಲ.

ಪಾದವನ್ನು ನೋಡಿದವರು ತೀರ್ಥಹಳ್ಳಿಯಲ್ಲಿರುವ ನಮ್ಮ ಹಳೆಯ ಡಾಕ್ಟರು. ಅವರು 10 ಗ್ರಾಂ ಒತ್ತಡದ ನೈಲಾನ್ ಎಳೆಯನ್ನು ಪಾದದ ಅಲ್ಲಲ್ಲಿ ಒತ್ತಿದರು, ಕಂಪಿಸುವ ಶ್ರುತಿಕವೆಯನ್ನು ಹೆಬ್ಬೆರಳಿಗೆ ಇಟ್ಟರು. ಎರಡನ್ನೂ ಅಪ್ಪಯ್ಯ ಸರಿಯಾಗಿಯೇ ಗುರುತಿಸಿದರು. ಬಿಸಿ ನೀರಿನ ಮತ್ತು ತಣ್ಣೀರಿನ ಪ್ರನಾಳಗಳನ್ನು ಒಂದಾದ ಮೇಲೊಂದು ಮುಟ್ಟಿಸಿದಾಗ ಮಾತ್ರ ಯಾವುದು ಯಾವುದೆಂದು ಹೇಳಲಾಗಲಿಲ್ಲ. ದಪ್ಪ ನರಗಳು ಇನ್ನೂ ಉಳಿದಿವೆ, ಸಣ್ಣವು ಹೋಗಿವೆ ಎಂದು ಇದರಿಂದ ತಿಳಿಯಿತು. ಸಣ್ಣ ನರಗಳ ಬಗ್ಗೆ ಕಣ್ಣಿನ ಚಿತ್ರ ಹೇಳಿದ ಮಾತು ಇದಕ್ಕೆ ಸರಿಯಾಗಿ ಹೊಂದಿತು. ಕಾರ್ನಿಯಾದ ನರಗಳು ಒಣಕಣ್ಣು, ಕೆಲವು ಕ್ಯಾನ್ಸರ್ ಔಷಧಗಳು ಮೊದಲಾದ ಬೇರೆ ಕಾರಣಗಳಿಂದಲೂ ಕಡಿಮೆಯಾಗುವುದುಂಟು, ಆದ್ದರಿಂದ ಚಿತ್ರವೊಂದನ್ನೇ ನಂಬುವಂತಿಲ್ಲ ಎಂದೂ ಅವರು ಹೇಳಿದರು. ಬಹಳ ವರ್ಷ ಸಕ್ಕರೆ ಕಾಯಿಲೆಯ ಮಾತ್ರೆಯಾದ ಮೆಟ್‌ಫಾರ್ಮಿನ್ ನುಂಗಿದವರಲ್ಲಿ ಬಿ12 ಕೊರತೆಯಾಗಿ ನರಗಳು ಕೆಡುವ ಸಾಧ್ಯತೆಯೂ ಇರುವುದರಿಂದ ಅದರ ರಕ್ತಪರೀಕ್ಷೆಗೂ ಬರೆದುಕೊಟ್ಟರು.

ಹಾಗಾದರೆ ಈ ಪರೀಕ್ಷೆಗೆ ದುಡ್ಡು ಕೊಡಬಹುದೇ? ನಮ್ಮ ವಿಷಯದಲ್ಲಿ ನಮ್ಮ ಬಚ್ಚಲ ಹಂಡೆಯೇ ಪುಕ್ಕಟೆಯಾಗಿ ಅರ್ಧ ರೋಗನಿರ್ಣಯ ಮಾಡಿ ಮುಗಿಸಿತ್ತು. ಪಾದದಲ್ಲಿ ಇನ್ನೂ ಯಾವ ಲಕ್ಷಣವೂ ಕಾಣದವರಿಗೆ, ಇಂದಿನ ಚಿತ್ರವನ್ನು ಮುಂದಿನ ವರ್ಷದ್ದರ ಪಕ್ಕದಲ್ಲಿಟ್ಟು ನೋಡುವ ಇರಾದೆ ಇರುವವರಿಗೆ ಇದು ನಿಜವಾಗಿ ಉಪಯುಕ್ತ. ನಮಗಾದ ಲಾಭ ಬೇರೆ ರೀತಿಯದು: ನಾವು ಎಷ್ಟು ಹೇಳಿದರೂ ಬರಿಗಾಲಿನಲ್ಲಿ ತೋಟಕ್ಕೆ ಇಳಿಯುತ್ತಿದ್ದ ಅಪ್ಪಯ್ಯ, ಆ ಚಿತ್ರ ಕಂಡ ಮೇಲೆ ಗಮ್‌ಬೂಟು ತರಿಸಿಕೊಂಡರು. ಸಂಜೆಯ ನೀರನ್ನು ಅಮ್ಮ ಮುಟ್ಟಿ ನೋಡಿದ ಮೇಲೆಯೇ ಹೊಯ್ದುಕೊಳ್ಳುತ್ತಾರೆ.

ಮುಂದಿನ ವರ್ಷವೂ ಅಲ್ಲಿಗೇ ಹೋಗುತ್ತೇವೆ, ಚಿತ್ರಗಳನ್ನು ಹೋಲಿಸಲು ಅದೇ ಯಂತ್ರ ಬೇಕಲ್ಲ. ಈ ಸಲ ಮಾತ್ರ ಹೊರಡುವ ಮೊದಲು ಫೋನ್ ಮಾಡಿ, ಶುಲ್ಕವೆಷ್ಟು, ಹಳೆಯ ಚಿತ್ರಗಳನ್ನು ಉಳಿಸಿಕೊಂಡಿದ್ದೀರಾ, ವರದಿಯನ್ನು ವಿವರಿಸುವವರು ಆ ದಿನ ಇರುತ್ತಾರಾ ಎಂದು ಕೇಳಿಕೊಳ್ಳುತ್ತೇನೆ.