ಹಳೇ ಫಿಯಟ್: ಒರಿಜಿನಲ್ ಮಾಡಿಸುವುದೋ, ಓಡಿಸುವ ಹಾಗೆ ಮಾಡಿಕೊಳ್ಳುವುದೋ?

ತುಮಕೂರಿನ ಶೆಡ್ಡಿನಲ್ಲಿ ನಿಂತ ಫಿಯಟ್ 1100ಕ್ಕೆ ದಾರಿ ಎರಡು. ಒರಿಜಿನಲ್ಲೇ ಬೇಕೆಂದರೆ 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದ ಗೇರು, ನಾಲ್ಕೂ ಚಕ್ರದ ಡ್ರಮ್ ಬ್ರೇಕು ಹಾಗೇ ಇರಬೇಕು. ಕಾರಿನ ವಯಸ್ಸು 50 ದಾಟಿದ್ದರೆ 2021ರ ನಿಯಮದಂತೆ ವಿಂಟೇಜ್ (ಹಳೇ ಕಾಲದ ವಾಹನ) ನೋಂದಣಿಗೆ ಅರ್ಜಿ ಹಾಕಬಹುದು. ಆದರೆ ಷಾಸಿ, ಬಾಡಿ, ಎಂಜಿನ್ ಬದಲಾಯಿಸಿರಬಾರದು, ದಿನನಿತ್ಯ ಓಡಿಸುವಂತೆಯೂ ಇಲ್ಲ. ಬೀಡಿಂಗು (ಅಂಚಿನ ಪಟ್ಟಿ), ಹಬ್ ಕ್ಯಾಪಿಗೆ (ಚಕ್ರದ ನಡುವಿನ ಮುಚ್ಚಳ) ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿ ಅಲೆಯಬೇಕು.

ಓಡಿಸಲಿಕ್ಕಾದರೆ ಎಲೆಕ್ಟ್ರಾನಿಕ್ ಇಗ್ನಿಷನ್, ಸೀಟ್ ಬೆಲ್ಟ್, ಹೊಸ ವೈರಿಂಗ್ ಸಾಕು. ಅದು ಬಂದ ಮೇಲೆ ಹಳೇ ಪಾಯಿಂಟ್ ಸೆಟ್ (ಎಂಜಿನ್ನಿಗೆ ಕಿಡಿ ಕೊಡಿಸುತ್ತಿದ್ದ ಭಾಗ) ಬೇಕಾಗದಿದ್ದರೂ ಎಸೆಯಬೇಡಿ.

ಎರಡಕ್ಕೂ ಮೊದಲು ರಬ್ಬರ್ ಮ್ಯಾಟ್ ಎತ್ತಿ, ತುಕ್ಕು ತಿಂದಿದೆಯೇ ಎಂದು ನೆಲದ ತಗಡನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ತೂತು ಬಿದ್ದರೆ ಟಿಂಕರಿಂಗ್ (ತಗಡು ರಿಪೇರಿ) ಖರ್ಚೇ ಕಾರಿನ ಬೆಲೆ ಮೀರೀತು. ಅಜ್ಜನ ಕಾರಾದರೆ ಬೇರೆ ಮಾತು. ಇಲ್ಲದಿದ್ದರೆ ಇಲ್ಲೇ ತುಮಕೂರಿನ ಶಿರಾ ಗೇಟಿನವರೆಗಾದರೂ ಓಡುವ ಗಾಡಿಯೇ ನನ್ನ ಆಯ್ಕೆ.